ಬ್ಯಾಟರಿಯ ಮೇಲಿನ ಅಪವಾದ

ಹಳೆಯ ಮೋಟಾರುಗಾಡಿ ಹೊರಡಲೊಲ್ಲದೆ ನಿಂತಾಗ ಮೊತ್ತಮೊದಲು ಅಪರಾಧಿಯ ಸ್ಥಾನದಲ್ಲಿ ನಿಲ್ಲುವುದು ಬ್ಯಾಟರಿ. ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ ಮಾಸ್ತರರೊಬ್ಬರ ಮನೆಯ ಮುಂದೆ ಅಂಬಾಸಡರ್ ಗಾಡಿಯೊಂದು ಹಾಗೆ ನಿಂತಿದೆಯೆಂದು ಇಟ್ಟುಕೊಳ್ಳಬಹುದು. ವೃದ್ಧ ತಾಯಿಯನ್ನು ಬಿಸಿಲೇರುವ ಮೊದಲೇ ರಾಯಚೂರಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೀಲಿ ತಿರುವಿದರೆ ‘ಟಕ್’ ಎಂಬ ಒಂದೇ ಸದ್ದು, ಆಮೇಲೆ ಮೌನ. ನೆರೆಯವರ ತೀರ್ಪು ಸಿದ್ಧವಾಗಿಯೇ ಇರುತ್ತದೆ: “ಬ್ಯಾಟರಿ ಸತ್ತದರಿ ಮಾಸ್ತರ, ಹೊಸಾದು ಹಾಕ್ಸಿಬಿಡ್ರಿ!”

ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಈ ತೀರ್ಪು ಹಗುರವಾದುದಲ್ಲ. ಹೊಸ ಬ್ಯಾಟರಿ ಬಂದ ಮೇಲೂ ಗಾಡಿ ಅದೇ ‘ಟಕ್’ ಎಂದರೆ ಹಣವೂ ಹೋಯಿತು, ಹೊತ್ತೂ ಹೋಯಿತು. ಅಂಬಾಸಡರ್ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿಯೇ ನಿಂತಿತು. ಆದುದರಿಂದ ಇಂದು ಉಳಿದಿರುವ ಗಾಡಿಗಳೆಲ್ಲ ವಯಸ್ಸಾದವುಗಳೇ. ವಯಸ್ಸಾದ ಗಾಡಿಯಲ್ಲಿ ದೋಷವು ಬೆಲೆಬಾಳುವ ಅಂಗಗಳಿಗಿಂತ ಅವುಗಳನ್ನು ಕೂಡಿಸುವ ಸಂದುಗಳಲ್ಲಿ ಅಡಗಿರುವುದು ಹೆಚ್ಚು.

“ದೀಪ ಚೆನ್ನಾಗಿಯೇ ಉರಿಯುತ್ತಿದೆ, ಮತ್ತೆ ವಿದ್ಯುತ್ತಿಗೆ ಏನು ಕೊರತೆ?” ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರ ಜರ್ಮನಿಯ ಓಮ್ ಎಂಬ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ತುಕ್ಕು ಹಿಡಿದ ಸಂದೊಂದರ ಪ್ರತಿರೋಧ 0.04 ಓಮ್ ಎಂದಿರಲಿ. ಮುಂದೀಪಗಳಿಗೆ ಸುಮಾರು 8 ಆಂಪಿಯರ್ ಸಾಕು. ಆಗ ಆ ಸಂದಿನಲ್ಲಿ ನಷ್ಟವಾಗುವುದು 0.32 ವೋಲ್ಟ್ ಮಾತ್ರ. ಆದರೆ ಇಂಜಿನ್ನನ್ನು ತಿರುಗಿಸುವ ಸ್ಟಾರ್ಟರಿಗೆ ನೂರಕ್ಕೂ ಮಿಕ್ಕಿ ಆಂಪಿಯರ್ ಬೇಕು. 150 ಆಂಪಿಯರ್ ಹರಿಯಬೇಕಾದರೆ ಅದೇ ಸಂದು 6 ವೋಲ್ಟನ್ನು, ಅಂದರೆ 12 ವೋಲ್ಟ್ ಬ್ಯಾಟರಿಯ ಅರ್ಧವನ್ನೇ, ನುಂಗಿಬಿಡುತ್ತದೆ. ಸಣ್ಣ ಸಾಲಕ್ಕೆ ಕೈಚಾಚುವ ಬಾಗಿಲು ದೊಡ್ಡ ಸಾಲಕ್ಕೆ ಮುಚ್ಚಿಕೊಂಡಂತೆ!

ವಿಚಾರಣೆ ಕ್ರಮವಾಗಿ ನಡೆಯಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಕೀಲಿ ತಿರುವಿ ಹಿಡಿಯಲಿ; ಇನ್ನೊಬ್ಬರು ವೋಲ್ಟ್‌ಮೀಟರನ್ನು ಬ್ಯಾಟರಿಯ ಎರಡು ಸೀಸದ ಕಂಬಗಳಿಗೇ ತಾಗಿಸಿ ನೋಡಲಿ. ಮುಳ್ಳು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲಿನ ಸಂಶಯಕ್ಕೆ ಆಧಾರವುಂಟು. ಆಗಲೂ ಚಾರ್ಜು ಮಾಡಿಸಿ ನೋಡದೆ ಹೊಸದನ್ನು ಕೊಳ್ಳಲಾಗದು. ಮುಳ್ಳು 12ರ ಬಳಿಯೇ ನಿಂತು ಸ್ಟಾರ್ಟರ್ ಮೌನವಾಗಿದ್ದರೆ ಬ್ಯಾಟರಿ ನಿರಪರಾಧಿ. ಪ್ರವಾಹ ದಾರಿಯಲ್ಲಿ ಎಲ್ಲಿಯೋ ತಡೆಯಲ್ಪಟ್ಟಿದೆ.

ಆ ತಡೆಯನ್ನು ಕಾಣಲು ಮೀಟರಿನ ಒಂದು ಮೊನೆಯನ್ನು ಕಂಬಕ್ಕೂ ಇನ್ನೊಂದನ್ನು ಅದನ್ನು ತಬ್ಬಿರುವ ಕ್ಲಾಂಪಿಗೂ ಇಟ್ಟು ಮತ್ತೆ ಕೀಲಿ ತಿರುವಬೇಕು. ಸ್ವಚ್ಛವಾದ ಸಂದು ಬಹುಮಟ್ಟಿಗೆ ಸೊನ್ನೆಯನ್ನೇ ತೋರಿಸುತ್ತದೆ. ಅರ್ಧ ವೋಲ್ಟಿಗೆ ಮೀರಿದರೆ ಕಳ್ಳ ಅಲ್ಲಿಯೇ ಇದ್ದಾನೆ. ಅಲ್ಲಿ ದೋಷವಿಲ್ಲದಿದ್ದರೆ ಇಂಜಿನ್ನನ್ನೂ ಚಾಸಿಯನ್ನೂ ಕೂಡಿಸುವ ಹೆಣೆದ ತಾಮ್ರದ ಪಟ್ಟಿಯನ್ನು ಪರೀಕ್ಷಿಸಬೇಕು. ಇಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಪ್ರವಾಹ ಹಿಂದಿರುಗಲು ಈ ಪಟ್ಟಿಯೇ ಹೆದ್ದಾರಿ. ಎಣ್ಣೆ, ಧೂಳುಗಳ ಮರೆಯಲ್ಲಿ ಅದು ಸವೆದುಹೋಗಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಇವೆರಡೂ ಸರಿಯಿದ್ದರೆ ಮಾತ್ರ ಸಾಲೆನಾಯ್ಡ್, ಸ್ಟಾರ್ಟರುಗಳ ಸರದಿ.

ದೋಷ ಸಂದಿನಲ್ಲಿದ್ದರೆ ಚಿಕಿತ್ಸೆ ಅಡುಗೆಮನೆಯಲ್ಲಿಯೇ ಉಂಟು. ಚಾಸಿಗೆ ಕೂಡಿದ ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಇನ್ನೊಂದನ್ನು ಬಿಚ್ಚಬೇಕು. ಅಡುಗೆಸೋಡ ಕದಡಿದ ನೀರಿನಿಂದ ಕ್ಲಾಂಪುಗಳನ್ನು ತೊಳೆದು, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ಸೋಡದ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಬೀಡಿ, ಸಿಗರೇಟುಗಳಂತೂ ಹತ್ತಿರ ಸುಳಿಯಬಾರದು, ಏಕೆಂದರೆ ಬ್ಯಾಟರಿಯಿಂದ ಹೊರಡುವ ಜಲಜನಕ ಸ್ಫೋಟಕವಾದುದು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬ್ಯಾಟರಿಯ ನೀರೂ ಬೇಗ ಆರುತ್ತದೆ. ಬಟ್ಟಿಯಿಳಿಸಿದ ನೀರಿನಿಂದ ಅದನ್ನು ಆಗಾಗ ತುಂಬಿಸಬೇಕು.

ಮನೆಯಲ್ಲಾಗಲಿ ಮೋಟಾರಿನಲ್ಲಾಗಲಿ, ಕೆಲಸ ಕೆಟ್ಟಾಗ ಕಣ್ಣಿಗೆ ದೊಡ್ಡದಾಗಿ ಕಾಣುವವರ ಮೇಲೆ ತಪ್ಪು ಹೊರಿಸುವುದು ಸುಲಭ. ಅರ್ಧ ಗಂಟೆಯ ತಾಳ್ಮೆಯ ವಿಚಾರಣೆಯಿದ್ದರೆ ಹಲವು ನಿರಪರಾಧಿಗಳು ಉಳಿದುಕೊಳ್ಳುತ್ತಾರೆ. ಕಿಸೆಯ ಹಣವೂ ಉಳಿಯುತ್ತದೆ.