ಮತಗಟ್ಟೆಯ ಮುಂದಿನ ಮೂಢತೆ

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮೂರು ಮೂಢತೆಗಳನ್ನು ನಿರೂಪಿಸಿದ್ದಾರೆ. ವರದಾಸೆಯಿಂದ, ರಾಗದ್ವೇಷಗಳಿಂದ ಮಲಿನರಾದ ದೇವತೆಗಳನ್ನು ಆರಾಧಿಸುವುದು ದೇವಮೂಢತೆ. ಬಸದಿಯಲ್ಲಿ ಇದನ್ನು ಒಪ್ಪಿ ಮತಗಟ್ಟೆಯಲ್ಲಿ ಮರೆಯುವ ಶ್ರಾವಕನನ್ನು ಏನೆಂದು ಕರೆಯೋಣ? ದೇವತೆಗಳಿಗೇ ಸಲ್ಲದ ಅಂಧಾರಾಧನೆ ರಾಜಕಾರಣಿಗೆ ಸಲ್ಲುವುದೆಂತು?

ಇದು ದೂರದ ಪ್ರಶ್ನೆಯಲ್ಲ. ಇಂದು ಉಡುಪಿ, ಕಾಪು, ಕಾರ್ಕಳಗಳು ಚಿಕ್ಕಮಗಳೂರಿನೊಡನೆ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ಅದೇ ಚಿಕ್ಕಮಗಳೂರು 1978ರ ನವೆಂಬರಿನಲ್ಲಿ ದೇಶದ ದಿಕ್ಕನ್ನು ಬದಲಿಸಿತು. 1971ರಲ್ಲಿ ‘ಗರೀಬಿ ಹಟಾವೋ’ ಘೋಷಣೆಯಿಂದ 352 ಸ್ಥಾನ ಗೆದ್ದಿದ್ದ ಇಂದಿರಾ ಗಾಂಧಿಯವರು 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಹೇರಿದರು. ವಿರೋಧಿಗಳು ಸೆರೆಮನೆ ಸೇರಿದರು; ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. 39ನೆಯ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ವಿಚಾರಣೆಯಿಂದಲೇ ಹೊರಗಿಡಲು ಹೊರಟಿತು. 1977ರಲ್ಲಿ ಉತ್ತರ ಭಾರತ ಅವರನ್ನು ತಿರಸ್ಕರಿಸಿದರೆ, ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕಿತ್ತಿತು. ಮರುವರ್ಷ ವೀರೇಂದ್ರ ಪಾಟೀಲರನ್ನು ಸುಮಾರು 77,000 ಮತಗಳಿಂದ ಸೋಲಿಸಿ ಚಿಕ್ಕಮಗಳೂರು ಅವರಿಗೆ ಪುನರ್ಜನ್ಮ ನೀಡಿತು. ಆ ಗೆಲುವಿಗೆ ಶ್ರಮಿಸಿದ ದೇವರಾಜ ಅರಸರೇ 1979ರಲ್ಲಿ ಪಕ್ಷದಿಂದ ಹೊರಬಿದ್ದರು. ವ್ಯಕ್ತಿಪೂಜೆಯ ಗುಡಿಯಲ್ಲಿ ಅರ್ಚಕನಿಗೂ ಭದ್ರತೆಯಿಲ್ಲ.

ಬಡವರಿಗೆ ಭೂಮಿ ದೊರೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ದೊರೆಯಿತು. 1974ರ ಭೂಸುಧಾರಣೆಯಿಂದ ನಮ್ಮ ಅನೇಕ ಮನೆತನಗಳ ಗೇಣಿಭೂಮಿ ಕೈಬಿಟ್ಟಿತು. ಉಳುವವನಿಗೆ ಸಲ್ಲಬೇಕಾದುದು ಸಂದಿತು. ಅಪರಿಗ್ರಹವನ್ನು ವ್ರತವೆನ್ನುವವರು ಅದಕ್ಕಾಗಿ ಗೊಣಗುವಂತಿಲ್ಲ. ಆದರೆ ಅದನ್ನು ಕೊಟ್ಟದ್ದು ಶಾಸನಸಭೆ ಅಂಗೀಕರಿಸಿದ ಕಾಯಿದೆ, ಒಬ್ಬರ ಕರುಣೆಯಲ್ಲ. ಒಂದು ಲೇವಾದೇವಿ ಸರಿಯಿತ್ತೆಂದು ಇಡೀ ಖಾತೆಯನ್ನು ಪರಿಶೀಲಿಸದೆ ರುಜು ಹಾಕುವ ವರ್ತಕನುಂಟೇ?

ಎದುರಾಳಿಗಳೂ ನಿರ್ದೋಷಿಗಳಲ್ಲ. ಜನರು ಆರಿಸಿದ ಸದಸ್ಯೆಯನ್ನು 1978ರ ಡಿಸೆಂಬರಿನಲ್ಲಿ ಬಹುಮತದ ಬಲದಿಂದ ಲೋಕಸಭೆಯಿಂದ ಉಚ್ಚಾಟಿಸಿ ಜೈಲಿಗಟ್ಟಿದರು. ಆ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಗೊಳಿಸಿತು. ದ್ವೇಷ ಕೊಟ್ಟ ಅನುಕಂಪದ ಲಾಭ 1980ರ ಚುನಾವಣೆಯಲ್ಲಿ ಯಾರ ಪಾಲಾಯಿತೆಂಬುದು ಸರ್ವವಿದಿತ. ರಾಗವೂ ಕಷಾಯ, ದ್ವೇಷವೂ ಕಷಾಯ. ಎರಡೂ ವಿವೇಕವನ್ನು ಕೊಲ್ಲುತ್ತವೆ.

‘ನಾನೇ ಜನತೆ, ನನ್ನನ್ನು ವಿರೋಧಿಸುವವನು ದೇಶದ ವಿರೋಧಿ’ ಎಂಬ ಮಾತು ಯಾವ ಪಕ್ಷದಿಂದ ಬಂದರೂ ಅದು ಏಕಾಂತ ಮಿಥ್ಯಾತ್ವವೇ. 1586ರಲ್ಲಿ ಕಾರ್ಕಳದಲ್ಲಿ ನಿರ್ಮಾಣವಾದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಮೂರನ್ನು ಮುಚ್ಚಿ ಒಂದರಿಂದಲೇ ಬನ್ನಿ ಎನ್ನುವವನು ಭಕ್ತನಲ್ಲ, ಬಾಗಿಲು ಕಾಯುವ ನೆಪದಲ್ಲಿ ಒಡೆತನ ಸಾಧಿಸುವವನು.

ಆದುದರಿಂದ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ವಿಜ್ಞಾಪನೆ: ಚುನಾವಣೆಯ ದಿನಗಳಲ್ಲಿ ಯಾವ ಅಭ್ಯರ್ಥಿಗೂ ವೇದಿಕೆ, ಶಾಲು, ಸನ್ಮಾನ ಬೇಡ. ಪ್ರಾಕಾರ ಗೋಡೆಗೆ ಅನುದಾನದ ಭರವಸೆ ಪಡೆದು ಸಮಾಜದ ಮತವನ್ನು ಒತ್ತೆಯಿಡುವುದು ಬೇಡವೇ ಬೇಡ. ಮನೆಗೆ ಬಂದ ಅಭ್ಯರ್ಥಿಯನ್ನು ಶ್ರಾವಕರು ಮೂರನ್ನು ಕೇಳಲಿ. ನಿನಗೆ ವಿರುದ್ಧವಾದ ನ್ಯಾಯಾಲಯದ ತೀರ್ಪಿಗೆ ತಲೆಬಾಗುವೆಯಾ? ಕೊಡುವೆನೆಂದ ಹಣ ಯಾರ ಬೊಕ್ಕಸದ್ದು? ಸೋತರೆ ಮನೆಗೆ ಹೋಗುವೆಯಾ?

ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ತೊರೆದ ಬಾಹುಬಲಿಯ ಮೂರ್ತಿ 1432ರಿಂದ ಕಾರ್ಕಳದ ಬೆಟ್ಟದ ಮೇಲೆ ನಿಂತಿದೆ. ಅಭ್ಯರ್ಥಿಗಳಿಂದ ಅಷ್ಟು ವೈರಾಗ್ಯವನ್ನು ನಾವು ಬೇಡುವುದಿಲ್ಲ. ಸೋತಾಗ ಅಧಿಕಾರ ಬಿಟ್ಟುಕೊಡುವ ಮರ್ಯಾದೆಯನ್ನಾದರೂ ಕೇಳದಿದ್ದರೆ, ಆ ಮೂರ್ತಿಗೆ ಅಭಿಷೇಕ ಮಾಡುವ ಅರ್ಹತೆ ನಮಗೆಲ್ಲಿಯದು?