ಪೊಲೀಸರಿಗೆ ನೆರವಾಗುವವರಲ್ಲಿ ನಮ್ಮವರೆಷ್ಟು ಮಂದಿ?

ಕಳೆದ ಬೇಸಗೆಯ ರಜೆಯಲ್ಲಿ ನಾವು ಆಂಧ್ರ ಪ್ರದೇಶದ ಅನಂತಪುರ ಜಿಲ್ಲೆಯ ಬೆಳುಗುಪ್ಪಕ್ಕೆ ಹೋಗಿದ್ದೆವು. ಟಿ.ಸಿ.ಎಚ್. ತರಬೇತಿಯ ಕಾಲದ ಸಹಪಾಠಿಯೊಬ್ಬರ ಹೊಸ ಮನೆಯ ಗೃಹಪ್ರವೇಶ ಅದಕ್ಕೆ ನಿಮಿತ್ತವಾಗಿತ್ತು. ಕಲ್ಯಾಣದುರ್ಗದ ಕಡೆಯ ಆ ಊರು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತವೇ ಇರಬೇಕು. ಕಣ್ಣು ಹಾಯುವವರೆಗೂ ನೆಲಗಡಲೆಯ ಹೊಲಗಳು, ಕೆಂಪು ಮಣ್ಣು, ಬಿಸಿಲು. ನಮ್ಮಲ್ಲಿ ಆಟಿ ತಿಂಗಳೊಂದರಲ್ಲೇ ಸುರಿಯುವಷ್ಟು ಮಳೆ ಅಲ್ಲಿ ವರ್ಷವಿಡೀ ಬೀಳುವುದಿಲ್ಲ. ಅದು ತೆಲುಗು ಸೀಮೆ. ಆದರೂ ಕರ್ನಾಟಕದ ಗಡಿ ಸಮೀಪವಿರುವುದರಿಂದ ಆ ಸುತ್ತಿನ ಕೆಲವು ಮನೆಗಳೊಳಗೆ ಇಂದಿಗೂ ಕನ್ನಡ ಉಳಿದಿದೆ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲೂಕುಗಳು ಅತ್ತ ಸೇರಿದವು. ಮೂರು ವರ್ಷ ಕಳೆದು 1956ರ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. ಗಡಿಯ ಆಚೆ ಉಳಿದವರ ಕಷ್ಟಸುಖಗಳು ಅಲ್ಲಿಯೂ ಇಲ್ಲಿಯೂ ಹೆಚ್ಚು ಕಡಿಮೆ ಒಂದೇ ಬಗೆಯವು.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ ನಮ್ಮ ಮಿತ್ರರು ಹತ್ತಿರದ ಹಳ್ಳಿಯಿಂದ ಬಂದಿದ್ದ ಒಬ್ಬ ಮಹಿಳೆಯ ಪರಿಚಯ ಮಾಡಿಕೊಟ್ಟರು. ಆಕೆ ಕೆಲವು ವರ್ಷಗಳ ಹಿಂದೆ ತಮ್ಮ ಪಂಚಾಯತಿನಲ್ಲಿ ಮಹಿಳಾ ಪೊಲೀಸ್ ಸ್ವಯಂಸೇವಕಿಯಾಗಿದ್ದವರಂತೆ. ಈ ಯೋಜನೆಯನ್ನು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2016ರ ಡಿಸೆಂಬರಿನಲ್ಲಿ ಮೊದಲು ಹರಿಯಾಣದಲ್ಲಿ ಪ್ರಾರಂಭಿಸಿತು. ಆಮೇಲೆ ಅದು ಆಂಧ್ರದ ಅನಂತಪುರ, ಕಡಪ ಜಿಲ್ಲೆಗಳಿಗೂ ಕರ್ನಾಟಕದ ಬಾಗಲಕೋಟೆ, ಗದಗ ಜಿಲ್ಲೆಗಳಿಗೂ ಬಂತು. ಪಂಚಾಯತಿಗೆ ಒಬ್ಬಾಕೆ. ವಯಸ್ಸು 21 ದಾಟಿರಬೇಕಿತ್ತು, 12ನೆಯ ತರಗತಿ ಪಾಸಾಗಿರಬೇಕಿತ್ತು, ಆ ಊರಿನವಳೇ ಆಗಿರಬೇಕಿತ್ತು. ಗೌರವಧನ ತಿಂಗಳಿಗೆ 1000 ರೂಪಾಯಿ ಇತ್ತು. ಲಾಠಿಯಿರಲಿಲ್ಲ, ಯಾರನ್ನೂ ಹಿಡಿಯುವ ಅಧಿಕಾರವಿರಲಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡ, ವರದಕ್ಷಿಣೆಯ ಕಾಟ, ಎಳೆಯ ಹುಡುಗಿಯ ಮದುವೆ ಮುಂತಾದ ಸಂಗತಿ ಕಿವಿಗೆ ಬಿದ್ದರೆ ಠಾಣೆಗೆ ತಿಳಿಸುವುದು, ಠಾಣೆಗೆ ಹೋಗಲು ಹೆದರುವ ಹೆಂಗಸಿನ ಜೊತೆಗೆ ಹೋಗುವುದು, ಇಷ್ಟೇ ಕೆಲಸ.

ಆಕೆ ಹೇಳಿದ ಒಂದು ಪ್ರಸಂಗವನ್ನು ಇಲ್ಲಿ ಬರೆಯದೆ ಇರಲಾರೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮನೆಯವರು ಮದುವೆ ಗೊತ್ತುಮಾಡಿದ್ದರು. ಸುದ್ದಿ ತಿಳಿದು ಇಬ್ಬರು ಬಂದು, ಇದು ಅಪರಾಧ, ಜೈಲಾಗುತ್ತದೆ ಎಂದು ತೆಲುಗಿನಲ್ಲಿ ಎಚ್ಚರಿಸಿ ಹೋದರು. ಮನೆಯ ಯಜಮಾನಿಕೆ ನಡೆಸುತ್ತಿದ್ದ ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದರು; ಮದುವೆಯ ಸಿದ್ಧತೆ ಮಾತ್ರ ನಿಲ್ಲಲಿಲ್ಲ. ಸಂಜೆ ಈ ಸ್ವಯಂಸೇವಕಿ ಹೋಗಿ, ಅಜ್ಜಿಯ ಜೊತೆಗೆ ಕುಳಿತು ಕಡಲೆಕಾಯಿ ಸುಲಿಯುತ್ತ ಕನ್ನಡದಲ್ಲಿ ಮಾತಿಗೆ ತೊಡಗಿದರು. ಆಗ ನಿಜವಾದ ಕಾರಣ ಹೊರಬಿತ್ತು. ಹುಡುಗಿಯ ತಂದೆ ತಾಯಿ ಕೂಲಿಗಾಗಿ ಬೆಂಗಳೂರಿಗೆ ಹೋಗಿದ್ದಾರೆ, ಅಜ್ಜಿಗೆ ಕಣ್ಣು ಮಂಜಾಗಿದೆ, ಬೆಳೆದ ಹುಡುಗಿಯನ್ನು ಕಾಯುವವರು ಮನೆಯಲ್ಲಿ ಯಾರೂ ಇಲ್ಲ. ಹುಡುಗಿಗೆ ಹಾಸ್ಟೆಲಿನಲ್ಲಿ ಒಂದು ಸೀಟು ದೊರಕಿಸಿಕೊಟ್ಟದ್ದೇ ತಡ, ಮದುವೆ ನಿಂತಿತು. ಕೇಸೂ ಆಗಲಿಲ್ಲ, ಕಚೇರಿಯೂ ಆಗಲಿಲ್ಲ.

ಕಾನೂನನ್ನು ಆ ಅಜ್ಜಿ ತೆಲುಗಿನಲ್ಲಿ ಕೇಳಿಸಿಕೊಂಡರು, ಕಷ್ಟವನ್ನು ಹೇಳಿಕೊಂಡದ್ದು ಕನ್ನಡದಲ್ಲಿ.

2019ರಲ್ಲಿ ಆಂಧ್ರ ಸರಕಾರ ಗ್ರಾಮ ಸಚಿವಾಲಯಗಳನ್ನು ತೆರೆದು, ಅವುಗಳಲ್ಲಿ ಇದೇ ಬಗೆಯ ಕೆಲಸಕ್ಕೆ ಸಂಬಳದ ಮಹಿಳಾ ನೌಕರರನ್ನು ನೇಮಿಸಿತು. ಸಂಬಳ ಬಂದದ್ದು ಒಳ್ಳೆಯದೇ. "ಆದರೆ ನೋಡಪ್ಪಾ, ಸಂಬಳದವರಿಗೆ ವರ್ಗ ಆಗ್ತದೆ, ಊರಿನವರಿಗೆ ಆಗಲ್ಲ" ಎಂದು ನಮ್ಮ ಮಿತ್ರರು ಅಂದರು. ಆ ಮಾತು ಊರಿಗೆ ಮರಳುವ ರೈಲಿನಲ್ಲಿಯೂ ನಮ್ಮ ತಲೆಯಲ್ಲಿ ಸುಳಿಯುತ್ತಿತ್ತು. ಏಕೆಂದರೆ ನಮಗೆ ನಮ್ಮದೇ ಊರಿನ ಒಂದು ಹಳೆಯ ನೋವು ನೆನಪಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನಿಗೆ ರಸ್ತೆಯಲ್ಲಿ ಬೈಕು ಬಡಿದು ಕಾಲು ಮುರಿಯಿತು. ತಾಯಿ ಠಾಣೆಗೆ ಹೋಗಿ ಹೇಳಿಕೆ ಕೊಟ್ಟರು. ಅದು ಯಾವ ಠಾಣೆಯೆಂಬುದು ಇಲ್ಲಿ ಮುಖ್ಯವಲ್ಲ. ಮಗ ರಸ್ತೆಯ ಬದಿಯಲ್ಲಿ ಓಡಾಡಿಕೊಂಡಿದ್ದ ಎಂದು ಆಕೆ ಹೇಳಿದ್ದು. ಬರೆದುಕೊಂಡವರ ಕಿವಿಗೆ ಬಿದ್ದದ್ದು 'ಓಡಿ' ಎಂಬಷ್ಟೇ. ಮಲಯಾಳದಲ್ಲಿ ಅದಕ್ಕೆ ಓಡಿದ ಎಂಬುದಲ್ಲದೆ ಬೇರೆ ಅರ್ಥವಿಲ್ಲ. ಹುಡುಗ ರಸ್ತೆಗೆ ಓಡಿ ಬಂದ ಎಂದಾಯಿತು. ಬರೆದದ್ದನ್ನು ಓದಿ ಹೇಳಿದರು, ಆಕೆ ಸಹಿ ಹಾಕಿದರು. ಪರಿಹಾರದ ಅರ್ಜಿ ಟ್ರಿಬ್ಯೂನಲಿನ ಮುಂದೆ ಬಂದಾಗ ಎದುರು ಪಕ್ಷದ ವಕೀಲರು ಎತ್ತಿ ಹಿಡಿದದ್ದು ಆ ಒಂದು ಶಬ್ದವನ್ನೇ. "ನಾನು ಹಾಗೆ ಹೇಳಲೇ ಇಲ್ಲ ಮಾಷ್ಟ್ರೇ" ಎಂದು ಆ ತಾಯಿ ನಮ್ಮ ಮುಂದೆ ಕಣ್ಣೀರು ಹಾಕಿದರು. ಬರೆದ ಪೊಲೀಸರಿಗೆ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಎರಡೂ ಭಾಷೆ ಬಲ್ಲ ಒಬ್ಬರು ಕುಳಿತಿದ್ದರೆ ಸಾಕಿತ್ತು. ನಮ್ಮನ್ನೇ ಕರೆಯಬಹುದಿತ್ತು; ಸುದ್ದಿ ತಿಳಿದದ್ದು ಮರುದಿನ.

ನಮ್ಮ ಜನರಿಗೆ ಮಲಯಾಳ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪೇಟೆಯವರಿಗೆ ಕಿವಿಯಿಂದ ಬರುತ್ತದೆ, ಕಣ್ಣಿನಿಂದ ಬರುವುದಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಮಾತಾಡಿಯಾರು, ಬರೆದ ಕಾಗದವನ್ನು ಓದಲಾರರು. ಪೈವಳಿಕೆ, ಎಣ್ಮಕಜೆ ಕಡೆಯ ಒಳನಾಡಿನ ಹಿರಿಯ ಹೆಂಗಸರಿಗೆ ತುಳುವೋ ಕನ್ನಡವೋ ಬಿಟ್ಟರೆ ಮಾತೂ ಕಷ್ಟ. ಬಾಯಿಮಾತಿನ ದೂರನ್ನು ಬರೆದುಕೊಂಡು, ದೂರುದಾರನಿಗೆ ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬುದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಆದರೆ ತಿಳಿಯದ ಭಾಷೆಯಲ್ಲಿ ಓದಿ ಹೇಳಿದರೆ ಅದು ಓದಿ ಹೇಳಿದಂತಾಯಿತೇ? ಅಹವಾಲನ್ನು ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿ ಬರೆದ ದೂರನ್ನು ಕೊಡುವುದು ಯಾರ ದಾಕ್ಷಿಣ್ಯವೂ ಅಲ್ಲ. ಈ ಸಂಗತಿ ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ಈಗ ಕೇರಳದಲ್ಲಿ ಏನಿದೆ ಎಂಬುದನ್ನು ನೋಡೋಣ. ನ್ಯಾಯಮೂರ್ತಿ ಕೆ.ಟಿ. ಥಾಮಸರ ನೇತೃತ್ವದ ಆಯೋಗದ ಶಿಫಾರಸಿನ ಮೇರೆಗೆ 2008ರ ಮಾರ್ಚಿನಲ್ಲಿ 20 ಠಾಣೆಗಳಲ್ಲಿ ಜನಮೈತ್ರಿ ಸುರಕ್ಷಾ ಯೋಜನೆ ಪ್ರಾರಂಭವಾಗಿ, ಕ್ರಮೇಣ ಇತರ ಕಡೆಗಳಿಗೆ ಹಬ್ಬಿತು. ಸುಮಾರು 500 ಮನೆಗಳಿಗೆ ಒಬ್ಬ ಬೀಟ್ ಪೊಲೀಸರು. ಅವರು ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳಬೇಕು. ಠಾಣೆಗೊಂದು ಜನಮೈತ್ರಿ ಸಮಿತಿ. ಅದರಲ್ಲಿ ಊರಿನ ಅಧ್ಯಾಪಕರು, ನಿವೃತ್ತ ನೌಕರರು, ಮಹಿಳೆಯರು, ಪರಿಶಿಷ್ಟ ಜಾತಿ ವರ್ಗದವರು ಇರಬೇಕು, ಸಂಬಳವಿಲ್ಲ. ತಿಂಗಳಿಗೊಮ್ಮೆ ಸಭೆ ಸೇರಿ ಕಳ್ಳತನ, ಮಾದಕ ವಸ್ತು, ರಸ್ತೆ ಅಪಘಾತ, ಒಂಟಿಯಾಗಿರುವ ವೃದ್ಧರ ಯೋಗಕ್ಷೇಮ ಇಂಥ ವಿಷಯಗಳ ಕುರಿತು ಮಾತಾಡಬೇಕೆಂಬುದು ಕ್ರಮ. ಯೋಜನೆ ಒಳ್ಳೆಯದು. ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಬಂದವರಲ್ಲಿ ಕನ್ನಡ ಬರೆಯಬಲ್ಲವರು ಎಷ್ಟು ಮಂದಿ ಎಂಬುದು ನಮ್ಮ ಪ್ರಶ್ನೆ.

ಶಾಲೆಗಳಿಗೆ ಸಂಬಂಧಿಸಿದ ಇನ್ನೊಂದು ಏರ್ಪಾಡೂ ಇದೆ. 2010ರ ಆಗಸ್ಟ್ 2ರಂದು ಕೋಝಿಕ್ಕೋಡಿನಲ್ಲಿ 127 ಶಾಲೆಗಳನ್ನು ಸೇರಿಸಿಕೊಂಡು ಆರಂಭವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು 2018ರಲ್ಲಿ ಕೇಂದ್ರ ಸರಕಾರವೂ ದೇಶಕ್ಕೆಲ್ಲ ಅನ್ವಯಿಸಿಕೊಂಡಿತು. ಎಂಟನೆಯ ತರಗತಿಯಿಂದ 22 ಹುಡುಗರು, 22 ಹುಡುಗಿಯರು. ಅವರ ಹೊಣೆ ಹೊರುವವರು ಆ ಶಾಲೆಯ ಇಬ್ಬರು ಅಧ್ಯಾಪಕರು. ಈ ಮಕ್ಕಳು ಕಳ್ಳನನ್ನು ಹಿಡಿಯುವುದಿಲ್ಲ. ಕವಾಯತು, ಕಾನೂನಿನ ಪಾಠ, ಸೇವೆಯ ಅಭ್ಯಾಸ, ಅಷ್ಟೇ. ಆದರೆ ಖಾಕಿ ಕಂಡರೆ ಬೆವರುವ ಮನೆಯಲ್ಲಿ ಖಾಕಿ ತೊಟ್ಟ ಮೊಮ್ಮಗಳು ಓಡಾಡತೊಡಗಿದರೆ ಆಗುವ ಬದಲಾವಣೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಫೋನಿನಲ್ಲಿ ಅಜ್ಜನ ಅಡಿಕೆಯ ಹಣವನ್ನು ಲಪಟಾಯಿಸಿದಾಗ, 1930 ಎಂಬ ಸಂಖ್ಯೆಗೆ ಕೂಡಲೇ ಕರೆ ಮಾಡಬೇಕೆಂದು ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕವು ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜನರಿಗಾದ ಪಾಡನ್ನು ಮರೆಯುವಂತಿಲ್ಲ. ಆ ದಿನಗಳಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದವರಿಗೆ ಔಷಧ, ಅಕ್ಕಿ ಮುಟ್ಟಿಸಿದವರಲ್ಲಿ ಪೊಲೀಸರ ಜೊತೆಗೆ ಊರಿನ ಹುಡುಗರೂ ಇದ್ದರು. ಕನ್ನಡದಲ್ಲಿ ಬರೆದ ಔಷಧದ ಚೀಟಿಗಳನ್ನು ಓದಿ ಹೇಳಲು ಅವರು ಬೇಕಾಗಿದ್ದರು. ಆಗ ಯಾರೂ ಯಾರ ಪಕ್ಷ, ಯಾರ ಭಾಷೆ ಎಂದು ವಿಚಾರಿಸಲಿಲ್ಲ. ದಾರಿ ತೆರೆಯಿತು, ಆ ಹುಡುಗರೂ ಚದುರಿದರು.

ನಮ್ಮವರು ಇಂಥ ಸಮಿತಿಗಳಿಗೆ ಏಕೆ ಹೋಗುವುದಿಲ್ಲ? ತಪ್ಪು ಸರಕಾರದ್ದು ಮಾತ್ರವೆಂದು ಬರೆದರೆ ಓದಲು ಹಿತವಾಗಬಹುದು, ಸತ್ಯವಾಗಲಾರದು. ಠಾಣೆಯ ಮೆಟ್ಟಿಲು ಹತ್ತಿದವನು ಮರ್ಯಾದಸ್ಥನಲ್ಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸಮಿತಿಗೆ ಹೋದರೆ ಚಾಡಿಕೋರನೆಂಬ ಹೆಸರು ಬಂದೀತೆಂಬ ಅಂಜಿಕೆ ಬೇರೆ. ಅಧ್ಯಾಪಕರಾದ ನಾವಂತೂ ಶಾಲೆ, ಜನಗಣತಿ, ಚುನಾವಣೆಯ ಕೆಲಸ ಎಂದು ನೆಪ ಹೇಳುವುದರಲ್ಲಿ ನಿಸ್ಸೀಮರು. ಒಮ್ಮೆ ನಮ್ಮನ್ನು ಸಮಿತಿಗೆ ಕರೆದಿದ್ದರು. ಉತ್ತರ ಪತ್ರಿಕೆ ತಿದ್ದಲಿಕ್ಕಿದೆ ಎಂದು ಹೇಳಿ ತಪ್ಪಿಸಿಕೊಂಡೆವು. ಆ ತಾಯಿಗೆ ಠಾಣೆಯಲ್ಲಿ ಕನ್ನಡ ಬಲ್ಲವರು ಸಿಗದೆ ಹೋದದ್ದರಲ್ಲಿ ನಮ್ಮ ಪಾಲೂ ಇದೆ.

ಹಾಗೆಂದು ಪೊಲೀಸರಿಗೆ ನೆರವಾಗುತ್ತೇವೆಂದು ಹೊರಟವರೆಲ್ಲ ನೆರವಾದಾರೆಂದು ನಾವು ನಂಬುವುದಿಲ್ಲ. ಛತ್ತೀಸಗಢದಲ್ಲಿ ನಕ್ಸಲರನ್ನು ಎದುರಿಸಲು ಆದಿವಾಸಿ ಯುವಕರಿಗೆ ತಿಂಗಳಿಗೆ 3000 ರೂಪಾಯಿ ಕೊಟ್ಟು, ಕೈಗೆ ಕೋವಿ ಕೊಟ್ಟು ವಿಶೇಷ ಪೊಲೀಸರನ್ನಾಗಿ ಮಾಡಿದ್ದರು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2011ರ ಜುಲೈ 5ರಂದು ತೀರ್ಪು ಕೊಟ್ಟಿತು. ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿಯೇ, ಬಸ್ಸಿನಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರು, ಯಾವ ಹುಡುಗಿ ಯಾವ ಹುಡುಗನ ಜೊತೆಗೆ ಐಸ್ ಕ್ರೀಂ ತಿಂದಳು ಎಂದು ಹಿಂಬಾಲಿಸಿ ಹೊಡೆಯುವ ತಂಡಗಳಿವೆ. ಅವರೂ ತಮ್ಮನ್ನು ಸಮಾಜದ ಕಾವಲುಗಾರರೆಂದೇ ಕರೆದುಕೊಳ್ಳುತ್ತಾರೆ. ಅಂಥವರು ಎಲ್ಲ ಮತದವರಲ್ಲಿಯೂ ಇದ್ದಾರೆ, ಎಲ್ಲ ಭಾಷೆಯವರಲ್ಲಿಯೂ ಇದ್ದಾರೆ. ಅಂಥವರಿಗೆ ಸಮಿತಿಯ ಗುರುತಿನ ಚೀಟಿ ಸಿಕ್ಕರೆ ಸಮಿತಿಯೇ ಇಲ್ಲದಿರುವುದು ಲೇಸು. ಕಡಲೆಕಾಯಿ ಸುಲಿಯುತ್ತ ಅಜ್ಜಿಯ ಮಾತು ಕೇಳಿದ ಆ ಮಹಿಳೆಯ ಕೈಯಲ್ಲಿ ಕೋಲಿರಲಿಲ್ಲ ಎಂಬುದನ್ನು ನಾವು ಬೇಕೆಂದೇ ಮತ್ತೆ ನೆನಪಿಸುತ್ತೇವೆ.

ಇನ್ನೊಂದು ಅಪಾಯವೂ ಉಂಟು. ಊರಿನವರು ಪುಕ್ಕಟೆಯಾಗಿ ಬಂದು ಭಾಷಾಂತರ ಮಾಡಿಕೊಡುತ್ತಾರೆಂದಾದರೆ ಕನ್ನಡ ಬಲ್ಲ ಪೊಲೀಸರನ್ನು ನೇಮಿಸುವ ಗೋಜು ಸರಕಾರಕ್ಕೇಕೆ? ಸ್ವಯಂಸೇವೆ ಹಕ್ಕಿನ ಬದಲಿಗೆ ಬರಬಾರದು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳಲ್ಲಿ ಕನ್ನಡ ಓದಿ ಬರೆಯಬಲ್ಲ ಒಬ್ಬರಾದರೂ ಎಲ್ಲ ಹೊತ್ತಿನಲ್ಲಿಯೂ ಇರಬೇಕೆಂದು ಕೇಳುವುದನ್ನು ನಾವು ಬಿಡಬಾರದು. ಅದು ಆಗುವವರೆಗೆ ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಬರುವ ತಾಯಿಯನ್ನು ಒಬ್ಬಳೇ ಕುಳಿತುಕೊಳ್ಳಲು ಬಿಡುವಂತೆಯೂ ಇಲ್ಲ. ಪ್ರತಿಯೊಂದು ಕನ್ನಡ ಶಾಲೆಯಿಂದ ಇಬ್ಬರು, ಪ್ರತಿಯೊಂದು ವಾಚನಾಲಯದಿಂದ ಒಬ್ಬರು ತಮ್ಮ ಹೆಸರು, ಫೋನ್ ನಂಬರುಗಳನ್ನು ಠಾಣೆಯಲ್ಲಿ ಬರೆಸಿಟ್ಟರೆ, ಕರೆದಾಗ ಅರ್ಧ ಗಂಟೆಯೊಳಗೆ ಹೋಗಿ ಕುಳಿತು ಬರೆದದ್ದನ್ನು ಆಕೆಗೆ ಆಕೆಯ ಭಾಷೆಯಲ್ಲಿ ಓದಿ ಹೇಳಬಹುದು. ಅದರಲ್ಲಿ ಮಹಿಳೆಯರೂ ಇರಬೇಕು. ಕೆಲವು ಮಾತುಗಳನ್ನು ಯಾವ ತಾಯಿಯೂ ನಮ್ಮಂಥ ಗಂಡಸು ಮಾಸ್ತರರ ಮುಂದೆ ಹೇಳಲಾರಳು. ಪಕ್ಷಗಳ ಪದಾಧಿಕಾರಿಗಳು ದಯವಿಟ್ಟು ಈ ಒಂದು ಕೆಲಸದಿಂದ ದೂರವಿದ್ದರೆ ಉಪಕಾರವಾದೀತು.

ಆ ಹುಡುಗ ಈಗ ನಡೆಯುತ್ತಾನೆ, ತುಸು ಕುಂಟುತ್ತ. ಪರಿಹಾರದ ಹಣ ಆಸ್ಪತ್ರೆಯ ಸಾಲಕ್ಕೂ ಸಾಲಲಿಲ್ಲ. ಬೆಳುಗುಪ್ಪದಿಂದ ಬಂದ ವಾರವೇ ನಾವು ನಮ್ಮ ಠಾಣೆಯ ಜನಮೈತ್ರಿ ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಕೋರಿ ಒಂದು ಅರ್ಜಿ ಕೊಟ್ಟಿದ್ದೇವೆ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆದಿದ್ದೇವೆ. ತೆಗೆದುಕೊಂಡ ಪೊಲೀಸರು ಎರಡೂ ಬದಿ ತಿರುಗಿಸಿ ನೋಡಿ, "ಇದರಲ್ಲಿ ಏನು ಬರೆದಿದೆ ಮಾಷೇ, ಸ್ವಲ್ಪ ಓದಿ ಹೇಳಿ" ಎಂದು ಕುರ್ಚಿ ಎಳೆದುಕೊಟ್ಟರು. ಓದಿ ಹೇಳಿದೆವು.