ಜಲಪಾತದ ಮೇಲೂ ಕೆಳಗೂ

ಪ್ರವಾಸಕಥನದಲ್ಲಿ ಜಲಪಾತ ಬಂದೊಡನೆ ಬರವಣಿಗೆ ಸೋಮಾರಿಯಾಗುತ್ತದೆ. ‘ರುದ್ರರಮಣೀಯ’, ‘ವರ್ಣನಾತೀತ’, ‘ಕಣ್ಣಿಗೆ ಹಬ್ಬ’ ಎಂಬ ಮಾತುಗಳು ಜೋಗಕ್ಕೂ ನಯಾಗರಕ್ಕೂ ವಿಕ್ಟೋರಿಯಾಕ್ಕೂ ಸಮನಾಗಿ ಸಲ್ಲುತ್ತವೆ. ಹೆಸರನ್ನು ಅಳಿಸಿದರೆ ಅದು ಯಾವ ದೇಶದ ಜಲಪಾತವೆಂದು ಹೇಳುವುದೇ ಕಷ್ಟ. ಹಾಗೆ ಬರೆದವರು ನೀರು ಬೀಳುವುದನ್ನು ಕಂಡಿದ್ದಾರೆ, ನದಿಯನ್ನು ಕಂಡಿಲ್ಲ. ನೀರು ಎಲ್ಲಿಂದ ಬಂತು, ಯಾರ ಮನೆಗೆ ಹೋಗುತ್ತದೆ ಎಂಬುದನ್ನು ಅರಿಯದ ನೋಟ ಅರೆನೋಟವೇ ಸರಿ.

ಇದಕ್ಕೆ ಗೋವೆಯ ದೂಧಸಾಗರಕ್ಕಿಂತ ಹತ್ತಿರದ ನಿದರ್ಶನ ಕನ್ನಡ ವಿದ್ಯಾರ್ಥಿಗಳಿಗೆ ಬೇಕಿಲ್ಲ. ಸುಮಾರು 310 ಮೀಟರ್ ಎತ್ತರದಿಂದ ಹಂತಹಂತವಾಗಿ ಇಳಿಯುವ ಈ ಧಾರೆ ಮೊಲ್ಲೆಂ ಬಳಿಯ ಭಗವಾನ್ ಮಹಾವೀರ ವನ್ಯಧಾಮದಲ್ಲಿದೆ. ಪೋರ್ಚುಗೀಸರ ಗೋವೆಯನ್ನು ಬ್ರಿಟಿಷ್ ಭಾರತಕ್ಕೆ ಕೂಡಿಸಲೆಂದು 1880ರ ದಶಕದಲ್ಲಿ ಹಾಕಿದ ರೈಲುಮಾರ್ಗ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಘಟ್ಟವಿಳಿದು, ಜಲಪಾತದ ನಡುವಿನ ಸೇತುವೆಯನ್ನು ದಾಟುತ್ತದೆ. ಮಳೆಗಾಲದಲ್ಲಿ ಆ ಸೇತುವೆ ಬರುತ್ತಲೇ ಬೋಗಿಯವರೆಲ್ಲ ಒಂದೇ ಬದಿಯ ಕಿಟಕಿಗಳಿಗೆ ಮುಗಿಬೀಳುತ್ತಾರೆ. ರೈಲು ಸುರಂಗವನ್ನು ಹೊಕ್ಕರೆ ನೋಟವೂ ಮುಗಿಯಿತು, ವಿಚಾರವೂ ಮುಗಿಯಿತು.

ನದಿಗೆ ಮಾತ್ರ ಅಲ್ಲಿ ಏನೂ ಮುಗಿಯುವುದಿಲ್ಲ. ಮೇಲಿನ ಕರ್ನಾಟಕದ ಕಾಡಿನಲ್ಲಿ ಸುರಿದ ಮಳೆಯೇ ಇಲ್ಲಿ ಹಾಲಾಗಿ ಇಳಿದು, ಖಾಂಡೇಪಾರ ಹೊಳೆಯಾಗಿ ಹರಿಯುತ್ತದೆ. ಓಪಾದ ನೀರು ಶುದ್ಧೀಕರಣ ಕೇಂದ್ರದ ಮೂಲಕ ಫೋಂಡಾ, ಪಣಜಿಗಳ ನಲ್ಲಿಗಳನ್ನು ಮುಟ್ಟುವುದು ಈ ಹೊಳೆಯ ನೀರೇ. ಮುಂದೆ ಅದು ಸೇರುವುದು ಮಾಂಡವಿಯನ್ನು, ಎಂದರೆ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ, ಕನ್ನಡಿಗರು ಮಹದಾಯಿ ಎನ್ನುವ ನದಿಯನ್ನು. ಅದರ ನೀರಿನ ವ್ಯಾಜ್ಯಕ್ಕಾಗಿ 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ಕಳಸಾ, ಬಂಡೂರಿ ಹಳ್ಳಗಳು ದೂಧಸಾಗರದ ಮೂಲವಲ್ಲ, ಆದರೆ ಅದೇ ನದಿಯ ಮಕ್ಕಳು. ಅವುಗಳ ನೀರು ಮಲಪ್ರಭೆಗೆ ಬರಲೆಂದು ನರಗುಂದ, ನವಲಗುಂದಗಳ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ನದಿ ಬಡವಾದರೆ ಕಾಡೂ ಹೊಳೆಯೂ ಏನಾಗಬೇಕು ಎಂಬುದು ಗೋವೆಯವರ ಆತಂಕ. ಎರಡೂ ಕಡೆಯದು ನೀರಿನ ನಿಜವಾದ ಅಗತ್ಯವೇ. ದೂಧಸಾಗರವನ್ನು ಮೆಚ್ಚಿ ಬಂದವರು ಈ ಎರಡೂ ಮಾತುಗಳನ್ನು ಕೇಳಿಸಿಕೊಳ್ಳದಿದ್ದರೆ ಆ ಮೆಚ್ಚುಗೆಗೆ ತೂಕವಿಲ್ಲ.

ಲೋಕದ ದೊಡ್ಡ ಜಲಪಾತಗಳ ಕಥೆಯೂ ಬೇರೆಯಲ್ಲ. ಅಮೆರಿಕ, ಕೆನಡಾಗಳ ನಡುವಿನ 1950ರ ಒಪ್ಪಂದದಂತೆ, ಪ್ರವಾಸಿಗರ ಋತುವಿನ ಹಗಲಿನಲ್ಲಿ ನಯಾಗರದ ಮೇಲೆ ಸೆಕೆಂಡಿಗೆ ಕನಿಷ್ಠ 1,00,000 ಘನ ಅಡಿ ನೀರು ಹರಿಯಬೇಕು. ರಾತ್ರಿಗೂ ಚಳಿಗಾಲಕ್ಕೂ ಅದರ ಅರ್ಧ ಸಾಕು. ಉಳಿದ ನೀರು ವಿದ್ಯುತ್ತಿಗೆ. ಪ್ರವಾಸಿ ಬೆರಗಾಗಿ ನೋಡುವ ‘ನಿಸರ್ಗ’ವನ್ನು ಎರಡು ದೇಶಗಳು ಕುಳಿತು ಅಳೆದಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗದ ಭೋರ್ಗರೆತವೂ ಹೀಗೆಯೇ ಮನುಷ್ಯನ ಲೆಕ್ಕಕ್ಕೆ ಒಳಪಟ್ಟಿತು. ಆ ನೀರಿನಿಂದ ಬೆಳಗಿದ ಮನೆಗಳನ್ನೂ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನೂ ಬಿಟ್ಟು ಜೋಗವನ್ನು ವರ್ಣಿಸುವುದು ಅರ್ಧ ಸತ್ಯ.

ಸೌಂದರ್ಯಾನುಭವದ ನಡುವೆ ವ್ಯಾಜ್ಯ, ಲೆಕ್ಕಗಳನ್ನು ತರುವುದು ಅರಸಿಕತೆಯಲ್ಲವೇ ಎಂದು ಕೆಲವರು ಕೇಳಬಹುದು. ಆದರೆ ಅರಿವು ರಸವನ್ನು ಕೆಡಿಸುವುದಿಲ್ಲ. ಸವೆದ ವಿಶೇಷಣಗಳು ಕೆಡಿಸುತ್ತವೆ. ಜಾಂಬೆಜಿ ನದಿಯ ಜಲಪಾತಕ್ಕೆ 1855ರಲ್ಲಿ ಲಿವಿಂಗ್‌ಸ್ಟನ್ ತನ್ನ ರಾಣಿಯ ಹೆಸರಿಟ್ಟ. ಅಲ್ಲಿನ ಜನ ಅದನ್ನು ಮೊದಲೇ ‘ಮೋಸಿ ಓವಾ ತುನ್ಯಾ’, ಅಂದರೆ ಗುಡುಗುವ ಹೊಗೆ ಎಂದು ಕರೆದಿದ್ದರು. ಒಂದು ಹೆಸರು ಬಂದವನ ನಿಷ್ಠೆಯನ್ನು ಹೇಳಿದರೆ, ಇನ್ನೊಂದು ನೀರನ್ನೇ ಹೇಳುತ್ತದೆ. ‘ದೂಧಸಾಗರ’ವೂ ಅಂಥ ಹೆಸರೇ: ಜೊತೆಗೆ ಬಾಳಿದವರು ಕಂಡ ಹಾಲಿನ ಕಡಲು.

ಈ ಮಳೆಗಾಲದಲ್ಲಿ ಘಟ್ಟವಿಳಿಯುವ ವಿದ್ಯಾರ್ಥಿಗಳು ಚಿತ್ರ ತೆಗೆಯಲಿ, ಬೆರಗಾಗಲಿ. ಆದರೆ ಬರೆಯಲು ಕುಳಿತಾಗ ಪಣಜಿಯ ನಲ್ಲಿಯೂ ನರಗುಂದದ ಬರಿದಾದ ಕೆರೆಯೂ ನೆನಪಿಗೆ ಬರಲಿ. ಆಗ ‘ರುದ್ರರಮಣೀಯ’ ಎಂಬ ಪದದ ಅಗತ್ಯವೇ ಬೀಳದು.